ಒಂದು ಗೇಣು ಟೇಪು

ಬ್ಯಾಂಕಿನವರಿಗೆ ಬಡ್ತಿ ಬಂತೆಂದರೆ ಅದರ ಬೆನ್ನಿಗೇ ವರ್ಗದ ಆದೇಶವೂ ಬರುತ್ತದೆ. 1988ರಲ್ಲಿ ನಾನು ಹಾಗೆಯೇ ಧಾರವಾಡ ಬಿಟ್ಟು ಪುಣೆಗೆ ಬಂದೆ. ಮೂರು ವರ್ಷ ಕಳೆದರೆ ಆಯಿತು ಅಂದುಕೊಂಡಿದ್ದೆ. ಆಮೇಲೆ ನನಗೆ ಬೇರೆ ಊರುಗಳಿಗೆ ವರ್ಗವಾದರೂ ಮಕ್ಕಳ ಶಾಲೆ, ಮನೆಸಾಲ ಅಂತ ಸಂಸಾರ ಪುಣೆಯಲ್ಲೇ ಉಳಿಯಿತು. ನಿವೃತ್ತಿಯಾದ ಮೇಲೆ ನಾನೂ ಇಲ್ಲೇ ಉಳಿದೆ.

ಇಲ್ಲಿ ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ-ಇಂಗ್ಲಿಷು, ಮನೆಯೊಳಗೆ ಕನ್ನಡ. ಆದರೆ ಅಪಾರ್ಟ್‌ಮೆಂಟಿನ ಗೋಡೆಯಾಚೆ ನೆರೆಯವರಿದ್ದಾರೆ. ಅಲ್ಲಿ ದೊಡ್ಡದಾಗಿ ಹಾಡು ಹಾಕುವಂತಿಲ್ಲ. ಕನ್ನಡವನ್ನು ಕಿವಿ ತುಂಬ ಕೇಳಲು ನಮಗೆ ಸಿಕ್ಕ ಜಾಗ ಒಂದೇ, ಕಾರು. ಊರಿನಲ್ಲಿರುವ ನಿಮಗೆ ಇದು ನಗೆ ತರಿಸೀತು. ನಿಮಗೆ ಬಸ್ಸಿನಲ್ಲೂ ಕನ್ನಡ, ಚಹದಂಗಡಿಯಲ್ಲೂ ಕನ್ನಡ. ನಮಗೆ ಅದನ್ನು ಡಬ್ಬಿಯಲ್ಲಿ ತುಂಬಿ ತರಬೇಕಾಗಿತ್ತು. ಆ ಡಬ್ಬಿಯ ಚರಿತ್ರೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಕಾರಿನಲ್ಲಿ ರೇಡಿಯೋ ಇಡುವ ವ್ಯಾಪಾರವನ್ನು ಅಮೆರಿಕದ ಪಾಲ್ ಗ್ಯಾಲ್ವಿನ್ 1930ರಲ್ಲಿ ಗಟ್ಟಿಯಾಗಿ ಹಿಡಿದ. ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಕೂರಿಸಿಕೊಂಡು ವ್ಯಾಪಾರಿಗಳ ಸಮ್ಮೇಳನಕ್ಕೇ ಓಡಿಸಿಕೊಂಡು ಹೋದನಂತೆ. ‘ಮೋಟೊರೋಲಾ’ ಎಂಬ ಹೆಸರು ಹುಟ್ಟಿದ್ದು ಈ ಕಾರ್ ರೇಡಿಯೋದಿಂದಲೇ. ಯುರೋಪಿನಲ್ಲಿ 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಇದೇ ಕೆಲಸ ಮಾಡಿತು. ನಮ್ಮಲ್ಲಿ ಮಾತ್ರ ಬಹಳ ವರ್ಷ ಮನೆಯ ರೇಡಿಯೋಗೇ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಿತ್ತು. 1980ರ ದಶಕದ ಮಧ್ಯದಲ್ಲಿ ಆ ಪದ್ಧತಿ ಹೋಯಿತು.

1991ರಲ್ಲಿ ನಾನು ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಕೊಂಡೆ. ಅದರಲ್ಲಿ ರೇಡಿಯೋ ಇತ್ತು. ಪುಣೆ ಆಕಾಶವಾಣಿ 1953ರಿಂದ ಇದೆ, ಆದರೆ ಅದು ಮಾತಾಡುವುದು ಮರಾಠಿ. ನಮ್ಮ ಧಾರವಾಡ ಕೇಂದ್ರ ಅದಕ್ಕಿಂತ ಹಿರಿಯದು; 1950ರ ಜನವರಿ 8ರಂದು ಶುರುವಾದದ್ದು. ಆಗ ಧಾರವಾಡವೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ಕ್ಕೆ ಬೇರೆಯಾದವು. ರಾಜ್ಯ ಬೇರೆಯಾದದ್ದನ್ನು ನಾನು ನಕಾಶೆಯಲ್ಲಿ ನೋಡಿದ್ದೆ. ಆದರೆ ಅದು ತಿಳಿದದ್ದು ಕಾರಿನ ರೇಡಿಯೋದಲ್ಲಿ. ಊರಿಗೆ ಹೊರಟರೆ ಖಂಬಾಟಕಿ ಘಾಟು, ಸಾತಾರಾ, ಕರಾಡದವರೆಗೆ ಮರಾಠಿ. ಕೊಲ್ಹಾಪುರ ದಾಟಿ ಕಾಗಲ್ ಹತ್ತಿರ ಮುಳ್ಳನ್ನು 765 ಕಿಲೋಹರ್ಟ್ಸ್‌ಗೆ ತಂದರೆ ಗರಗರ ಸದ್ದಿನ ನಡುವಿನಿಂದ ಕನ್ನಡ ತೇಲಿ ಬರುತ್ತಿತ್ತು. ನಿಪ್ಪಾಣಿಗೆ ಬರುವಷ್ಟರಲ್ಲಿ ಮಾತು ಸ್ಪಷ್ಟ. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ನಮ್ಮಾಕೆ ಎದ್ದು ಕೂತು, “ಬಂತೇನ್ರೀ ನಮ್ಮೂರು?” ಅನ್ನುತ್ತಿದ್ದರು. ಊರು ಇನ್ನೂ ಎರಡು-ಮೂರು ತಾಸು ಇರುತ್ತಿತ್ತು.

ಆ ಗರಗರವೂ ಒಂದು ಪಾಠ ಕಲಿಸಿತು. ಎಕ್ಸಲರೇಟರ್ ತುಳಿದಷ್ಟೂ ಟಿಕ್‌ಟಿಕ್ ಸದ್ದು ಜೋರಾಗುತ್ತಿದ್ದರೆ ಅದು ಸ್ಟೇಷನ್ನಿನ ದೋಷವಲ್ಲ, ನಮ್ಮ ಎಂಜಿನ್ನಿನ ಕಿಡಿಯದು. ಬುಧವಾರ ಪೇಟೆಯ ತಪಕೀರ ಗಲ್ಲಿಯಲ್ಲಿ ನನಗೆ ಗುರ್ತಾದ ಒಬ್ಬ ಮಿಸ್ತ್ರಿ ಇದ್ದ. ಏರಿಯಲ್ಲಿನ ಬುಡದ ತುಕ್ಕು ಕೆರೆದು, ಅರ್ಥಿಂಗ್ ತಂತಿಯನ್ನು ಬಿಗಿದು ಕೊಟ್ಟ. ಮುಕ್ಕಾಲು ಪಾಲು ಸದ್ದು ಅಲ್ಲಿಗೇ ಹೋಯಿತು.

ಅದೇ ಮಿಸ್ತ್ರಿ ಮುಂದೆ ಕ್ಯಾಸೆಟ್ ಪ್ಲೇಯರ್ ಕೂರಿಸಿದ. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಬರ್ಲಿನ್ನಿನಲ್ಲಿ ತೋರಿಸಿದ್ದು 1963ರಲ್ಲಿ. ಕನ್ನಡಕ್ಕೆ ಅದರ ಭಾಗ್ಯ ತೆರೆದದ್ದು 1978ರಲ್ಲಿ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದಾಗ. ಅಲ್ಲಿಯವರೆಗೆ ಬಾನುಲಿ ಯಾವಾಗ ಹಾಡೀತೋ ಆಗ ಕೇಳಬೇಕು. ಈಗ ನಮಗೆ ಬೇಕೆಂದಾಗ, ಬೇಕಾದ ಊರಲ್ಲಿ. ನನ್ನ ಕಾರಿನಲ್ಲಿ ಅದೊಂದು, ಭೀಮಸೇನ ಜೋಶಿಯವರ ದಾಸರ ಪದ ಒಂದು, ಕಾಯಮ್ಮಾಗಿ ಇರುತ್ತಿದ್ದವು. ಜೋಶಿಯವರು ನಮ್ಮ ಗದಗ ಸೀಮೆಯಿಂದ ಬಂದು ಪುಣೆಯವರೇ ಆದವರು. ಕುಂದಗೋಳದ ಗುರುವಿನ ಹೆಸರಿನಲ್ಲಿ 1953ರಿಂದ ಇಲ್ಲಿ ಸವಾಯಿ ಗಂಧರ್ವ ಉತ್ಸವ ನಡೆಸಿದವರು. ಅವರಿಗೂ ಕಾರಿನ ಹುಚ್ಚು. ದೂರದ ಕಛೇರಿಗಳಿಗೂ ತಾವೇ ಓಡಿಸಿಕೊಂಡು ಹೋಗುತ್ತಿದ್ದರು.

ಮೂರನೆಯ ಕ್ಯಾಸೆಟ್ಟು ಅಂಗಡಿಯದ್ದಲ್ಲ. 1989ರಲ್ಲಿ ರಜೆಗೆ ಹೋದಾಗ ಟೂ-ಇನ್-ಒನ್ ಇಟ್ಟು ಅವ್ವನಿಂದ ಬೀಸುಕಲ್ಲಿನ ಪದ ಹಾಡಿಸಿದ್ದೆ. “ಅದೇನ್ ಹಾಡೋ, ಕೆಲಸಾ ಮಾಡೂವಾಗ ಬಾಯಿಗೆ ಬಂದದ್ದು. ಅದನ್ನ ಮಷೀನಿನ್ಯಾಗ ತುಂಬತೀಯೇನ?” ಅಂತ ನಕ್ಕು ಶುರು ಮಾಡಿದಳು. ಆ ನಗೆಯೂ ಟೇಪಿನಲ್ಲಿದೆ. ಇನ್ನೊಂದು ಬದಿಗೆ ಅಪ್ಪ ಹೊಲ, ಮಳೆ, ಎತ್ತಿನ ಸುದ್ದಿ ಹೇಳಿದ್ದರು. ನನ್ನ ಮಗಳು ಅಜ್ಜಿಯ ಕನ್ನಡ ಕಲಿತದ್ದು ಶಾಲೆಯ ದಾರಿಯಲ್ಲಿ, ಆ ಕ್ಯಾಸೆಟ್ಟಿನಿಂದ.

ಅವ್ವ 1997ರಲ್ಲಿ ತೀರಿಕೊಂಡಳು. ಮರುವರ್ಷದ ಮೇ ತಿಂಗಳು. ಕ್ಯಾಸೆಟ್ಟನ್ನು ಡ್ಯಾಶ್‌ಬೋರ್ಡಿನ ಮೇಲೇ ಬಿಟ್ಟು ಬಿಸಿಲಿನಲ್ಲಿ ಕಾರು ನಿಲ್ಲಿಸಿದ್ದೆ. ಸಂಜೆ ಹಾಕಿದೆ. ಒಂದು ನಿಮಿಷ ಹಾಡಿತು, ಆಮೇಲೆ ಅವ್ವನ ಧ್ವನಿ ಗಂಡಸಿನದಾಯಿತು, ನಿಂತಿತು. ಹೊರಗೆ ಎಳೆದರೆ ಟೇಪು ಕರುಳಿನ ಹಾಗೆ ಹಿಂದೆಯೇ ಬಂತು.

ಮಿಸ್ತ್ರಿ ಯಂತ್ರ ಬಿಚ್ಚಿ ತೋರಿಸಿದ. ಹೆಡ್ಡಿನ ಮೇಲೆ ಕಂದು ಪುಡಿಯ ಪದರ, ಟೇಪು ಒತ್ತುವ ರಬ್ಬರ್ ಗಾಲಿ ಅಂಟಂಟು. “ಸಾಹೇಬ, ಎಂಜಿನ್ ಆಯಿಲ್ ತಪ್ಪದೇ ಬದಲಿಸುತ್ತೀರಿ. ಇದಕ್ಕೆ ಎಂದಾದರೂ ಹತ್ತಿ ಮುಟ್ಟಿಸಿದ್ದೀರಾ?” ಅಂತ ಮರಾಠಿಯಲ್ಲಿ ಕೇಳಿದ. ಮೂವತ್ತು-ನಲವತ್ತು ತಾಸು ಹಾಡಿಸಿದ ಮೇಲೊಮ್ಮೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ್ದರೆ ಸಾಕಾಗಿತ್ತಂತೆ. ಜೊತೆಗೆ ನನ್ನದು 90 ನಿಮಿಷದ ಕ್ಯಾಸೆಟ್. ಅದರ ಟೇಪು 60 ನಿಮಿಷದ್ದಕ್ಕಿಂತ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ಹಾಳಾದ ಭಾಗ ಕತ್ತರಿಸಿ, ಎರಡು ತುದಿ ಅಂಟಿಸಿ ಕೊಟ್ಟ. ಕತ್ತರಿಸಿದ್ದು ಒಂದು ಗೇಣು.

ಬ್ಯಾಂಕಿನವನಲ್ಲವೇ, ಲೆಕ್ಕ ಹಾಕಿದೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಂದು ಗೇಣು ಅಂದರೆ ನಾಲ್ಕೂವರೆ ಸೆಕೆಂಡು. ಹಾಡಿನ ಒಂದು ಸಾಲು. ಅಷ್ಟೇ ಅಲ್ಲ, ಅದೇ ಗೇಣಿನ ಇನ್ನೊಂದು ಬದಿಯಲ್ಲಿ ಅಪ್ಪನ ಮಾತು ಇತ್ತು. ಒಂದು ಖರ್ಚು, ಎರಡು ಖಾತೆ. ಊರಿಗೆ ಹೋಗಿ ಆ ಸಾಲು ಯಾರಿಗಾದರೂ ಬರುತ್ತದೆಯೇ ಎಂದು ಕೇಳಿದೆ. ಅಷ್ಟರಲ್ಲಿ ಮನೆಮನೆಗೆ ಗಿರಣಿ ಹಿಟ್ಟು ಬಂದು ಬೀಸುಕಲ್ಲು ಹಿತ್ತಲು ಸೇರಿತ್ತು. ಯಾರಿಗೂ ಬರಲಿಲ್ಲ.

ಅಂದಿನಿಂದ ನಾನು ಈ ವಿಷಯದಲ್ಲಿ ಮಡಿವಂತ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಆಮೇಲೆ ಪೆನ್‌ಡ್ರೈವ್, ಈಗ ಫೋನಿನಿಂದಲೇ ಬ್ಲೂಟೂತ್. ಪ್ರತಿ ಸಲ ಕಾರು ಬದಲಿಸುವ ಮೊದಲು ಅವ್ವನ ಹಾಡು ಹೊಸದಕ್ಕೆ ದಾಟಿದೆಯೇ ಎಂದು ನೋಡುತ್ತೇನೆ. ಎಂಜಿನ್ ಶುರು ಮಾಡುವ ಮುನ್ನ ಸಿಸ್ಟಂ ಬಂದ್ ಮಾಡುತ್ತೇನೆ; ಎಂಜಿನ್ ನಿಲ್ಲಿಸಿ ತಾಸುಗಟ್ಟಲೆ ಹಾಡು ಹಾಕುವುದಿಲ್ಲ, ಬ್ಯಾಟರಿ ಇಳಿಯುತ್ತದೆ. ಧ್ವನಿ ಒಡೆಯತೊಡಗಿದರೆ ಕೂಡಲೇ ವಾಲ್ಯೂಮ್ ಇಳಿಸುತ್ತೇನೆ. ಸ್ಪೀಕರ್ ಸುಡುವುದು ಹಾಗೆಯೇ. ನಿಮ್ಮ ಅಟ್ಟದಲ್ಲೂ ಹಿರಿಯರ ಧ್ವನಿಯ ಕ್ಯಾಸೆಟ್ ಇದ್ದೀತು. ಇದ್ದರೆ ಮೊದಲು ಅದರ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರು ಮುರಿಯಿರಿ, ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಶುಚಿ ಮಾಡಿದ ಯಂತ್ರದಲ್ಲಿ ಒಂದೇ ಸಲ ಹಾಕಿ, ಪ್ರತಿ ತೆಗೆದುಕೊಳ್ಳಿ. ಕೇಳುವುದು ಆಮೇಲೆ.

ಈಗ ಮೊಮ್ಮಗಳಿಗೆ ಏಳು ವರ್ಷ. ಅವಳನ್ನು ಶಾಲೆಗೆ ಬಿಡುವವನು ನಾನೇ. ಮುತ್ತಜ್ಜಿಯ ಹಾಡು ಅವಳಿಗೆ ಬಾಯಿಪಾಠ. ಮೊನ್ನೆ ಕನ್ನಡ ಬಳಗದ ಒಬ್ಬರ ಮನೆಯಲ್ಲಿ ಹಾಡಿದಳು. ಆ ಜಾಗ ಬಂತು. ಅವ್ವ ಹಾಡಿದ್ದ ಸಾಲನ್ನು ಬಿಟ್ಟು, ಅರ್ಧ ಶಬ್ದದಿಂದ ಮುಂದಿನ ಅರ್ಧ ಶಬ್ದಕ್ಕೆ ಸಲೀಸಾಗಿ ಜಿಗಿದು ಮುಂದೆ ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮಟ್ಟಿಗೆ ಹಾಡು ಇರುವುದೇ ಹಾಗೆ.