ಗೈರು, ಬೇವರ್ಸಿ, ನಾಪತ್ತೆ

ಕನ್ನಡದ ‘ಇಲ್ಲ’ ಯಾವತ್ತೂ ಬಾಲದಲ್ಲೇ. ಬಾರದ, ಕಾಣದ, ಹೇಳಲಿಲ್ಲ: ಪದ ಮುಗಿಯುವವರೆಗೆ ಕಾಯಬೇಕು. ತಲೆಯ ಮೇಲೇ ನಿಷೇಧ ಹೊತ್ತು ಬರುವ ಪದಗಳೆಲ್ಲ ವಲಸೆ ಬಂದವು. ಸಂಸ್ಕೃತ ಅ, ಅನ್, ನಿರ್ ಕೊಟ್ಟಿತು. ಇಂಗ್ಲಿಷ್ ತನ್ನ ಅನ್, ಇನ್, ನಾನ್‌ಗಳನ್ನು ತಂದಿತು. (ಎರಡೂ ಕಡೆಯ ‘ಅನ್’ ಒಂದೇ ಬೇರಿನವು.) ಆದರೆ ಸಂತೆಯಲ್ಲಿ, ಜಗಳದಲ್ಲಿ ಬಾಯಿಗೆ ಬರುವವು ಬೇರೆ: ಪಾರಸಿಯ ಬೇ, ನಾ; ಅರಬ್ಬಿಯ ಲಾ, ಗೈರು.

ಇವುಗಳ ದೊಡ್ಡ ಠಾಣ್ಯ ಹೈದರಾಬಾದು. ನಿಜಾಮರ ಕಚೇರಿಗಳಲ್ಲಿ 1880ರ ದಶಕದವರೆಗೆ ಪಾರಸಿ, ಆಮೇಲೆ ಉರ್ದು. ಬೀದರ, ಕಲಬುರಗಿ, ರಾಯಚೂರಿನ ರೈತರು ಕಚೇರಿ ಮೆಟ್ಟಿಲು ಹತ್ತಿದರೆ ಈ ಮಾತುಗಳೇ ಕಿವಿಗೆ ಬೀಳುತ್ತಿದ್ದವು. ಮೈಸೂರು ಸೀಮೆಗೆ ಇವು ಹೈದರ್, ಟಿಪ್ಪು ಕಾಲದ ಆಡಳಿತದಿಂದಲೂ ಇಳಿದವು.

1917ರಲ್ಲಿ ಹೈದರಾಬಾದಿನಲ್ಲಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಹುಟ್ಟಿತು. ಮರುವರ್ಷ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ. ಇಂಗ್ಲಿಷ್ ಶಾಸ್ತ್ರಪದಗಳ ಮುಂದೆ ಕೂತ ‘ಇನ್’, ‘ನಾನ್’ಗಳನ್ನು ಉರ್ದುವಿಗೆ ಇಳಿಸುವುದು ಹೇಗೆ? ಅಲ್ಲಿನ ಉರ್ದು ಪ್ರಾಧ್ಯಾಪಕ ವಹೀದುದ್ದೀನ್ ಸಲೀಂ ಪಾರಿಭಾಷಿಕ ಪದ ಕಟ್ಟುವ ಕ್ರಮದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇನಾರ್ಗ್ಯಾನಿಕ್ ಕೆಮಿಸ್ಟ್ರಿಗೆ ಉರ್ದುವಿನಲ್ಲಿ ಇವತ್ತಿಗೂ ‘ಗೈರ್ ನಾಮಿಯಾತಿ ಕೀಮಿಯಾ’.

ಪಂಡಿತರ ದಾರಿ ಅದಾದರೆ, ಕನ್ನಡಿಗರದು ಸ್ವಂತ ದಾರಿ. ‘ಪತ್ತೆ’ ದೇಶೀ ಪದ. ಅದಕ್ಕೆ ಪಾರಸಿಯ ‘ನಾ’ ಅಂಟಿ ‘ನಾಪತ್ತೆ’ಯಾಯಿತು, ಪೊಲೀಸ್ ಪ್ರಕಟಣೆಗಳ ಕಾಯಂ ಪದವಾಯಿತು. ಬೇವರ್ಸಿಯ ಕಥೆ ಇನ್ನೂ ಸೊಗಸು. ಬೇ ಎಂದರೆ ಇಲ್ಲದ, ವಾರಿಸ್ ಎಂದರೆ ವಾರಸುದಾರ. ಯಜಮಾನ ಸತ್ತು ಹಕ್ಕುದಾರರು ಯಾರೂ ಇಲ್ಲದ ಜಮೀನು, ಮನೆ ಬೇವಾರಸು. ಅಂಥದ್ದು ಸರ್ಕಾರಕ್ಕೆ ಸೇರುತ್ತದೆ. ಆ ಒಣ ಕಂದಾಯ ಪದ ಕನ್ನಡದಲ್ಲಿ ತಂದೆ–ತಾಯಿಯರನ್ನೂ ಎಳೆದು ತರುವ ಬೈಗುಳವಾಯಿತು. ಹೈದರಾಬಾದಿನ ಉರ್ದು ಮಾತಿನಲ್ಲಿ ಇದಕ್ಕೆ ‘ಲಾವಾರಿಸ್’ ಎನ್ನುವುದೇ ರೂಢಿ. ಅಮಿತಾಭ್ ಬಚ್ಚನ್‌ರ 1981ರ ಸಿನಿಮಾಕ್ಕೆ ಅದೇ ಹೆಸರು. ಅರ್ಥ ಒಂದೇ ಆದರೂ ‘ಬೇವರ್ಸಿ’ ಎಂದು ಪೋಸ್ಟರ್ ಹಾಕಿದ್ದರೆ ಕನ್ನಡ ನಾಡಿನಲ್ಲಿ ಕುಟುಂಬ ಸಮೇತ ಟಿಕೆಟ್ ಕೊಳ್ಳುವವರು ಕಮ್ಮಿ.

‘ಬೇ’ ಕಂಡಲ್ಲೆಲ್ಲ ‘ಇಲ್ಲ’ ಹುಡುಕಬಾರದು. ಚಾರ್‌ಮಿನಾರ್‌ ಕಡೆಯ ಬೇಗಂ ಬಜಾರಿನಲ್ಲಿ ಬೇಗಂ ಇದ್ದರು.

ವಿಚಿತ್ರವೆಂದರೆ ಗೈರು. ಅರಬ್ಬಿ, ಪಾರಸಿಗಳಲ್ಲಿ ಅದಕ್ಕೆ ‘ಬೇರೆ’, ‘ಅಲ್ಲದ’ ಎಂಬರ್ಥ. ಮುಂದೆ ‘ಹಾಜರ್’ ಬಂದರಷ್ಟೇ ‘ಬಂದಿಲ್ಲ’ ಎಂದಾಗುತ್ತದೆ. ಕನ್ನಡಿಗರು ಹಾಜರನ್ನೇ ಕತ್ತರಿಸಿ ಬಿಸಾಕಿದರು. ‘ಸಭೆಗೆ ಸಚಿವರು ಗೈರು’ ಎಂದರೆ ಈಗ ಎಲ್ಲರಿಗೂ ತಿಳಿಯುತ್ತದೆ. ಇದನ್ನು ಕೆಂಪು ಶಾಯಿಯಲ್ಲಿ ತಿದ್ದಿ ‘ಗೈರುಹಾಜರು’ ಎಂದು ಬರೆಸುವ ಹಠ ಬೇಡ. ಬರಿಯ ‘ಗೈರು’ ಈಗ ಸರಿಯಾದ ಕನ್ನಡವೇ.