ಗಾಯ ಗುರುತಿಸಲು ಕಲಿಸಿದ ಹಾರ್ಲೆಮ್

ಬಣ್ಣದ ಕಾರಣಕ್ಕೆ ಅವಮಾನ ಉಂಡ ಮಗುವಿಗೆ ಚಿಕಿತ್ಸೆ ಕೊಡುವವರು ಮೊದಲು ಏನು ಕಲಿಯಬೇಕು? ಇದಕ್ಕೆ ಅಮೆರಿಕದ ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ ಒಂದು ಉತ್ತರ ಸಿಕ್ಕಿತು. ಆ ಚರಿತ್ರೆಯನ್ನು ನಾವು ಇಂದು ನೋಡೋಣ.

ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕಪ್ಪು ಜನಾಂಗದ ಮನೋವಿಜ್ಞಾನಿಗಳು. ಅವರು 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಮತ್ತು ಕಂದು ಗೊಂಬೆಗಳನ್ನಿಟ್ಟರು. ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ. ಒಳ್ಳೆಯ ಗೊಂಬೆ ಯಾವುದು ಎಂದರೆ ಹೆಚ್ಚಿನ ಮಕ್ಕಳು ಬಿಳಿಯದನ್ನೇ ತೋರಿಸಿದರು. ನಿನ್ನಂತಿರುವುದು ಯಾವುದು ಎಂದಾಗ ಕೆಲವರು ಅಳುತ್ತಾ ಎದ್ದು ಹೋದರು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ವರ್ಣದ ಪ್ರಕಾರ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದಾಗ, ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಅವರ ಬರಹವೂ ಇತ್ತು.

ಗಾಯ ತೋರಿಸಿದರೆ ಸಾಲದು, ಮದ್ದೂ ಬೇಕಲ್ಲ! ತೀರ್ಪಿಗೆ ಎಂಟು ವರ್ಷ ಮೊದಲೇ, 1946ರಲ್ಲಿ, ಮೇಮಿಯವರ ತಂದೆಯಿಂದ ಪಡೆದ 946 ಡಾಲರಿನಿಂದ ದಂಪತಿ ಹಾರ್ಲೆಮ್‌ನ ಡನ್‌ಬಾರ್ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ನಾರ್ತ್‌ಸೈಡ್ ಕೇಂದ್ರ ತೆರೆದಿದ್ದರು. ಶಾಲೆಯವರು ಬುದ್ಧಿಮಾಂದ್ಯರೆಂದು ಪ್ರತ್ಯೇಕ ತರಗತಿಗೆ ತಳ್ಳಿದ್ದ ಮಕ್ಕಳನ್ನು ಪೋಷಕರು ಅಲ್ಲಿಗೆ ಕರೆತಂದರು. ಮರುಪರೀಕ್ಷೆ ಮಾಡಿ ನೋಡಿದರೆ ಅನೇಕರು ಬುದ್ಧಿಮಾಂದ್ಯರೇ ಅಲ್ಲ!

ಆ ಕಾಲದ ಅನೇಕ ಚಿಕಿತ್ಸಕರು ಕಲಿತದ್ದು ಮಗುವಿನ ಒಳಮನಸ್ಸನ್ನು, ತಾಯಿತಂದೆಯರ ಸಂಬಂಧವನ್ನು ಕೆದಕುವ ವಿದ್ಯೆ. ಮನೆಯ ಬಡತನ, ಬೀದಿಯ ತಾತ್ಸಾರ, ಶಾಲೆಯ ಪಕ್ಷಪಾತ ಅವರ ಲೆಕ್ಕಕ್ಕೆ ಬರುತ್ತಿದ್ದುದು ಕಡಿಮೆ. ನಾರ್ತ್‌ಸೈಡ್‌ನಲ್ಲಿ ಕಪ್ಪು, ಬಿಳಿ ಸಿಬ್ಬಂದಿ ಒಟ್ಟಿಗೆ ದುಡಿದರು. ಮಗುವಿಗೆ ಓದು ಕಲಿಸುವುದೂ ಚಿಕಿತ್ಸೆಯ ಭಾಗವಾಯಿತು. ದೋಷ ಮಗುವಿನಲ್ಲೇ ಇದೆಯೆಂದು ಹೊರಡಬಾರದು ಎಂಬುದೇ ಅಲ್ಲಿನ ಮೊದಲ ಪಾಠ. ಮೇಮಿ 1979ರವರೆಗೆ ಕೇಂದ್ರವನ್ನು ನಡೆಸಿದರು.

1968ರಲ್ಲಿ ಕಪ್ಪು ಮನೋವಿಜ್ಞಾನಿಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮದೇ ಸಂಘ ಕಟ್ಟಿ, ತಮ್ಮ ಜನಾಂಗದ ವಿದ್ಯಾರ್ಥಿಗಳಿಗೂ ಈ ವಿದ್ಯೆಯ ಬಾಗಿಲು ತೆರೆಯಿರಿ ಎಂದು ಒತ್ತಾಯಿಸಿದರು. 1971ರಲ್ಲಿ ಕೆನೆತ್ ಅಮೆರಿಕದ ಮನೋವಿಜ್ಞಾನ ಸಂಘದ ಮೊದಲ ಕಪ್ಪು ಅಧ್ಯಕ್ಷರಾದರು. 2007ರಲ್ಲಿ ರಾಬರ್ಟ್ ಕಾರ್ಟರ್ ಎಂಬ ವಿದ್ವಾಂಸರು ವರ್ಣಭೇದದಿಂದಾಗುವ ಮಾನಸಿಕ ಆಘಾತವನ್ನು ಚಿಕಿತ್ಸಕರು ಹೇಗೆ ಗುರುತಿಸಬೇಕೆಂದು ವಿವರವಾಗಿ ಬರೆದರು.

ಬಣ್ಣದ ನೋವು ಬೇರೆ, ನಮ್ಮ ಗಡಿನಾಡಿನ ಮಕ್ಕಳ ಮಾತಿನ ತೊಡಕು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ಮಗುವನ್ನು ದಡ್ಡ ಎಂದು ಬರೆಯುವ ಮುನ್ನ, ಅದು ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯಿತು, ತರಗತಿಯಲ್ಲಿ ಯಾರು ಅದನ್ನು ನೋಡಿ ನಕ್ಕರು ಎಂದು ನಾವು ಶಿಕ್ಷಕರು ಒಮ್ಮೆ ವಿಚಾರಿಸಿದರೆ ತಪ್ಪೇನು?