ಗೌರವಧನದಲ್ಲಿರುವ ಗೌರವವೆಷ್ಟು?

ಇಳಕಲ್ಲಿನ ನೇಕಾರರ ಓಣಿಗೆ ಎಂದಾದರೂ ಹೋಗಿದ್ದೀರಾ? ಗುಣಿಮಗ್ಗದಲ್ಲಿ ಕುಳಿತವರು ಲಾಳಿ ಓಡಿಸುತ್ತಿದ್ದರೆ ಪಕ್ಕದಲ್ಲಿ ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಿರುತ್ತಾರೆ. ಒಂದು ಸೀರೆಯೆಂದರೆ ಇಡೀ ಮನೆಯ ದುಡಿಮೆ. ಆ ಹೊತ್ತಿನಲ್ಲಿ ಮೂರು ವರ್ಷದ ಕೂಸನ್ನು ನೋಡಿಕೊಳ್ಳುವವರು ಯಾರು? ಹುನಗುಂದದ ಎರೆಹೊಲಗಳಲ್ಲಿ, ಬಾದಾಮಿಯ ಹಳ್ಳಿಗಳಲ್ಲಿ, ಬಾಗಲಕೋಟೆಯ ಕಟ್ಟಡದ ಕೆಲಸಗಳಲ್ಲಿ ದುಡಿಯುವ ತಾಯಂದಿರ ಪ್ರಶ್ನೆಯೂ ಇದೇ. ಉತ್ತರವಾಗಿ ಅಂಗನವಾಡಿಯ ಬಾಗಿಲು ತೆರೆಯುತ್ತದೆ. ಒಳಗಿರುವವರು ಕಾರ್ಯಕರ್ತೆ ಮತ್ತು ಸಹಾಯಕಿ. ಮಗುವಿನ ಬಗ್ಗೆ ನಾವು ಬಹಳಷ್ಟು ಚಿಂತಿಸಿದ್ದೇವೆ. ಮಗುವನ್ನು ಹಿಡಿದ ಈ ಕೈಗಳ ಚರಿತ್ರೆಯನ್ನು ಇಂದು ಸ್ವಲ್ಪ ನೋಡೋಣ.

ಈ ಚರಿತ್ರೆಯ ಒಂದು ಮೂಲ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಬಡ ಗುಡ್ಡಗಾಡಿನಲ್ಲಿದೆ. 1767ರಲ್ಲಿ ಅಲ್ಲಿಗೆ ಸಭಾಪಾಲಕರಾಗಿ ಬಂದವರು ಜಾನ್ ಫ್ರೆಡ್ರಿಕ್ ಓಬರ್ಲಿನ್. ಸಾರಾ ಬಾಂಜೆ ಎಂಬ ಹಳ್ಳಿಯ ಯುವತಿ ತನ್ನ ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹೆಣಿಗೆ ಕಲಿಸುತ್ತಿದ್ದಳು. ಸಂಬಳವಿಲ್ಲದ ಈ ಕೆಲಸಕ್ಕೆ ಆಕೆಯ ತಂದೆ ಅಡ್ಡಿಮಾಡಿದರು. ಓಬರ್ಲಿನ್ ಅವರು ತ್ಯಾಗದ ಉಪದೇಶ ಮಾಡಲಿಲ್ಲ. ಆಕೆಗೆ ಸಂಬಳ ಗೊತ್ತುಮಾಡಿದರು. ಊರಿನ ಹೆಣ್ಣುಮಕ್ಕಳನ್ನೇ ಆರಿಸುವುದು, ಅವರನ್ನು ತರಬೇತುಗೊಳಿಸುವುದು, ದುಡಿಮೆಗೆ ಪ್ರತಿಫಲ ಕೊಡುವುದು – ಆತನ ನೀತಿಯ ಸಾರ ಇಷ್ಟೇ. ಫ್ರೊಬೆಲ್ ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಆರಂಭಿಸಿದ್ದು 1837ರಲ್ಲಿ, ಹಲವು ದಶಕಗಳ ಅನಂತರ.

ನಮ್ಮ ನಾಡಿಗೆ ಬರೋಣ. ಇಂದಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಅಂದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಅದೇ ಪ್ರಾಂತ್ಯದ ಬೋರ್ಡಿ ಎಂಬಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಗ್ರಾಮೀಣ ಶಿಶುಶಿಕ್ಷಣದ ಪ್ರಯೋಗ ಆರಂಭಿಸಿದರು. ಅನುತಾಯಿ ವಾಘ್ ಜೊತೆಗೂಡಿದರು. ಬಡಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲ ದೀಪ ಹಚ್ಚಿದ್ದು ಟಿ. ನರಸೀಪುರದ 100 ಅಂಗನವಾಡಿಗಳು.

ಯೋಜನೆಯ ರಚನೆ ಅಚ್ಚುಕಟ್ಟಾಗಿತ್ತು. ಸ್ಥಳೀಯ ಮಹಿಳೆಯೇ ಕಾರ್ಯಕರ್ತೆ. ಆಕೆಯ ಮೇಲೆ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಪೂರಕ ಆಹಾರ, ಲಸಿಕೆ, ಶಾಲಾಪೂರ್ವ ಶಿಕ್ಷಣ ಸೇರಿ ಆರು ಸೇವೆಗಳು. ಆದರೆ ಓಬರ್ಲಿನ್ ನೀತಿಯ ಮೂರನೆಯ ಅಂಶ ಇಲ್ಲಿ ತೆಳುವಾಯಿತು. ಆರಂಭದಲ್ಲಿ ಮೆಟ್ರಿಕ್ ಆದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100, ಸಹಾಯಕಿಗೆ 35. ಅದಕ್ಕೆ ಇಟ್ಟ ಹೆಸರು ಸಂಬಳವಲ್ಲ, 'ಗೌರವಧನ'. ಮೊತ್ತ ಕಾಲಕಾಲಕ್ಕೆ ಏರಿತು. ಹೆಸರು ಹಾಗೆಯೇ ಉಳಿಯಿತು. ಈ ಹುದ್ದೆ ಸರಕಾರಿ ನೌಕರಿಯಲ್ಲವೆಂದು ಕರ್ನಾಟಕದ ಪ್ರಕರಣವೊಂದರಲ್ಲಿಯೇ ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯ, ಗುಜರಾತಿನ ಪ್ರಕರಣದಲ್ಲಿ, ಇವರು ಗ್ರಾಚ್ಯುಟಿಗೆ ಅರ್ಹರೆಂದು ಸಾರಿತು. ಗೌರವಧನವೂ ದುಡಿದವಳ ವೇತನವೇ ಎಂಬ ಮಾತು ಒಪ್ಪಿತವಾಗಲು ನಲವತ್ತಾರು ವರ್ಷ ಬೇಕಾಯಿತು.

ಸರಕಾರವನ್ನು ದೂರುವುದು ಸುಲಭ. ನಮ್ಮ ಧರ್ಮಕೇಂದ್ರಗಳ ಬಾಲವಾಡಿಗಳ ಕಡೆಗೂ ನೋಡೋಣವೇ? ಅಲ್ಲಿಯ ಶಿಕ್ಷಕಿಗೆ ನೇಮಕಾತಿ ಪತ್ರವಿದೆಯೇ? ರಜೆಯ ನಿಯಮ ಬರಹದಲ್ಲಿದೆಯೇ? ಆಯಾಳ ಹೆಸರು ಹಾಜರಿ ಪುಸ್ತಕದಲ್ಲಿದೆಯೇ? ಅಥವಾ 'ಇದು ದೇವರ ಸೇವೆ' ಎಂಬ ಮಾತಿನಲ್ಲಿ ಎಲ್ಲವೂ ಮುಚ್ಚಿಹೋಗಿದೆಯೇ? ಬದುಕಲು ಸಾಲುವಷ್ಟು ಕೂಲಿ ನ್ಯಾಯದ ಪ್ರಶ್ನೆಯೆಂದು ಜಗದ್ಗುರು 13ನೇ ಲಿಯೋ 1891ರಲ್ಲೇ 'ರೇರುಂ ನೊವಾರುಂ' ಪತ್ರದಲ್ಲಿ ಬೋಧಿಸಿದ್ದರು.

ಸಾರಾಳ ಹಾದಿಯಲ್ಲೇ ನಡೆದ ಲೂಯಿಸ್ ಶೆಪ್ಲರ್ ಎಂಬಾಕೆ, ತನಗೆ ಸಂಬಳ ಬೇಡ, ಮಗಳೆಂದು ಭಾವಿಸಿದರೆ ಸಾಕೆಂದು ಓಬರ್ಲಿನ್‌ರನ್ನು ಬೇಡಿಕೊಂಡಳು. ಅದು ಆಕೆಯ ಸ್ವಂತ ಕಾಣಿಕೆ. ಕೈಯಲ್ಲಿರುವುದನ್ನು ಕೊಡುವುದು ತ್ಯಾಗ. ಇನ್ನೊಬ್ಬರ ಕೈಗೆ ಸೇರಬೇಕಾದುದನ್ನು ಅವರ ಹೆಸರಿನಲ್ಲಿ ನಾವು ತ್ಯಾಗಮಾಡಲಾಗದು. ದ್ರಾಕ್ಷಿತೋಟದ ಯಜಮಾನ ಕಡೆಯ ಗಳಿಗೆಯಲ್ಲಿ ಬಂದವನಿಗೂ ದಿನದ ಕೂಲಿ ಕೊಟ್ಟ. ಮುಂಜಾನೆಯಿಂದ ನಮ್ಮ ಮಕ್ಕಳನ್ನು ಎತ್ತಿಕೊಂಡವಳಿಗೆ, ಓದುಗರೇ, ಸಂಜೆ ನಾವೇನು ಕೊಡುತ್ತಿದ್ದೇವೆ?